ಪಿಎಲ್ಎಸ್ ಮಾಡೆಲ್‌ನಲ್ಲಿ ಬೂಟ್‌ಸ್ಟ್ರ್ಯಾಪ್ ಫಲಿತಾಂಶ ನಿಲ್ಲದಿದ್ದಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ವಾಣಿಜ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬರು ಲ್ಯಾಪ್‌ಟಾಪ್ ತೆರೆದು ನನ್ನ ಮುಂದೆ ಮೂರು ಕೋಷ್ಟಕಗಳನ್ನು ಇಟ್ಟರು. ಮೊಬೈಲ್ ಬ್ಯಾಂಕಿಂಗ್ ಬಗ್ಗೆ 214 ಜನರಿಂದ ತುಂಬಿಸಿಕೊಂಡ ಪ್ರಶ್ನಾವಳಿ. ಪಿಎಲ್ಎಸ್, ಅಂದರೆ ಇಂಥ ಉತ್ತರಗಳಿಂದ 'ನಂಬಿಕೆ'ಯಂಥ ಚರಗಳ ನಡುವಿನ ಸಂಬಂಧವನ್ನು ಅಳೆಯುವ ವಿಧಾನದಲ್ಲಿ, ಬೂಟ್‌ಸ್ಟ್ರ್ಯಾಪ್ ಎಂಬ ಪರೀಕ್ಷೆಯನ್ನು ಮೂರು ಸಲ ಓಡಿಸಿದ್ದರು. ದತ್ತಾಂಶ ಒಂದೇ, ಮಾಡೆಲ್ ಒಂದೇ. 'ನಂಬಿಕೆ'ಯಿಂದ 'ಬಳಸುವ ಇರಾದೆ'ಗೆ ಹೋಗುವ ಪಥದ ಗುಣಾಂಕ ಮೂರರಲ್ಲೂ 0.137. ಆದರೆ ಟಿ ಮೌಲ್ಯ (ಗುಣಾಂಕವನ್ನು ಅದರ ಮಾನಕ ದೋಷದಿಂದ ಭಾಗಿಸಿದ್ದು) ಮೊದಲ ಸಲ 2.04, ಎರಡನೆಯ ಸಲ 1.93, ಮೂರನೆಯ ಸಲ 1.98. ಪಿ ಮೌಲ್ಯ ಕ್ರಮವಾಗಿ 0.041, 0.054, 0.048. ಅದು 0.05ಕ್ಕಿಂತ ಕೆಳಗಿದ್ದರೆ ಸಂಬಂಧ 'ಸಾರ್ಥಕ', ಅಂದರೆ ಬರೀ ಆಕಸ್ಮಿಕವಲ್ಲ, ಎಂದು ಎಣಿಸುವುದು ರೂಢಿ. ಒಂದು ಸಲ ಪ್ರಾಕ್ಕಲ್ಪನೆ ನಿಲ್ಲುತ್ತದೆ, ಮತ್ತೊಂದು ಸಲ ಬೀಳುತ್ತದೆ. "ಸರ್, ಇವುಗಳಲ್ಲಿ ಯಾವುದನ್ನು ಬರೆಯಲಿ?" ಎಂದು ಕೇಳಿದರು.

ಮೂರರಲ್ಲಿ ಒಂದನ್ನು ಆರಿಸಿಕೊಟ್ಟು ಕಳುಹಿಸುವುದು ಸುಲಭವಿತ್ತು. ಆದರೆ ಈ ಪ್ರಶ್ನೆಯನ್ನು ಹಿಡಿದುಕೊಂಡು ಬರುವವರಲ್ಲಿ ಹೆಚ್ಚಿನವರಿಗೆ ತಂತ್ರಾಂಶದ ಪರದೆಯಲ್ಲಿ ತೆರೆಯುವ ಬೂಟ್‌ಸ್ಟ್ರ್ಯಾಪ್ ಪೆಟ್ಟಿಗೆಯ ಪ್ರತಿಯೊಂದು ಆಯ್ಕೆಯೂ ಯಾವ ಕೆಲಸಕ್ಕೆ ಇದೆ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಸೀನಿಯರ್ ಒಬ್ಬರ ಪ್ರಬಂಧದಲ್ಲಿ ಇದ್ದದ್ದನ್ನೇ ನಕಲು ಮಾಡಿಕೊಂಡಿರುತ್ತಾರೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಪದದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ 'ಮಾದರಿ' ಎಂದರೆ ಸಮೀಕ್ಷೆಗೆ ಆರಿಸಿಕೊಂಡ ಜನರೂ ಹೌದು, ನಾವು ಕಟ್ಟಿದ ರಚನೆಯೂ ಹೌದು. ಗೊಂದಲ ಬೇಡವೆಂದು ಇಲ್ಲಿ 'ಮಾದರಿ' ಎಂಬುದನ್ನು ಆರಿಸಿಕೊಂಡ ಜನರಿಗೆ ಮಾತ್ರ ಬಳಸುತ್ತೇನೆ. ರಚನೆಗೆ 'ಮಾಡೆಲ್' ಎನ್ನುತ್ತೇನೆ.

ಎರಡು ಬಗೆಯ ಅಲುಗಾಟ

ಹರ್ಮನ್ ವೋಲ್ಡ್ ರೂಪಿಸಿದ ಪಿಎಲ್ಎಸ್ ವಿಧಾನ ದತ್ತಾಂಶ ಇಂಥದೇ ಹಂಚಿಕೆಯಲ್ಲಿ ಇರಬೇಕೆಂದು ಹಟ ಹಿಡಿಯುವುದಿಲ್ಲ. ಆ ಸ್ವಾತಂತ್ರ್ಯಕ್ಕೆ ತೆರುವ ಬೆಲೆಯೆಂದರೆ, ಗುಣಾಂಕದ ಮಾನಕ ದೋಷವನ್ನು (ಬೇರೆ ಜನರನ್ನು ಕೇಳಿದ್ದರೆ ಅದು ಎಷ್ಟು ಬದಲಾಗಬಹುದಿತ್ತು ಎಂಬ ಅಳತೆಯನ್ನು) ನೇರವಾಗಿ ಲೆಕ್ಕಹಾಕಲು ಸಿದ್ಧ ಸೂತ್ರವಿಲ್ಲ. ಬ್ರಾಡ್ಲಿ ಎಫ್ರಾನ್ 1979ರಲ್ಲಿ ಮಂಡಿಸಿದ ಬೂಟ್‌ಸ್ಟ್ರ್ಯಾಪ್ ಆ ಕೊರತೆಯನ್ನು ತುಂಬುತ್ತದೆ. ನಿಮ್ಮ 214 ಸಾಲುಗಳಿಂದ ಒಂದೊಂದನ್ನೇ ಚೀಟಿಯಂತೆ ಎತ್ತಿ, ಬರೆದುಕೊಂಡು, ಮತ್ತೆ ಡಬ್ಬಕ್ಕೇ ಹಾಕಿ 214 ಸಲ ಎತ್ತಿದರೆ ಒಂದು ಉಪಮಾದರಿ ಸಿದ್ಧವಾಗುತ್ತದೆ. ಕೆಲವು ಸಾಲುಗಳು ಎರಡು ಮೂರು ಸಲ ಬಂದಿರುತ್ತವೆ, ಕೆಲವು ಬಂದೇ ಇರುವುದಿಲ್ಲ. ಸರಾಸರಿಯಾಗಿ ಮೂಲ ಸಾಲುಗಳಲ್ಲಿ ಶೇ. 63ರಷ್ಟು ಮಾತ್ರ ಒಂದು ಉಪಮಾದರಿಯಲ್ಲಿ ಕಾಣಿಸಿಕೊಳ್ಳುತ್ತವೆ. ಪ್ರತಿ ಉಪಮಾದರಿಗೂ ಇಡೀ ಮಾಡೆಲನ್ನು ಹೊಸದಾಗಿ ಲೆಕ್ಕಹಾಕಿ, ಸಿಕ್ಕ ಗುಣಾಂಕಗಳು ಎಷ್ಟು ಚದುರಿವೆ ಎಂದು ನೋಡಿದರೆ ಅದೇ ಮಾನಕ ದೋಷ.

ಇಲ್ಲಿ ಎರಡು ಅಲುಗಾಟಗಳಿವೆ. ಒಂದು, ನೀವು ಮಾತಾಡಿಸಿದ್ದು 214 ಜನರನ್ನು ಮಾತ್ರ ಎಂಬುದರಿಂದ ಬರುವುದು. ಇನ್ನೊಂದು, ಚೀಟಿ ಎತ್ತುವುದು ಯಾದೃಚ್ಛಿಕವಾದ್ದರಿಂದ ಬರುವುದು. ಉಪಮಾದರಿಗಳ ಸಂಖ್ಯೆ ಹೆಚ್ಚಿಸಿದರೆ ಎರಡನೆಯದು ಕುಗ್ಗುತ್ತದೆ, ಮೊದಲನೆಯದು ಒಂದಿಷ್ಟೂ ಕುಗ್ಗುವುದಿಲ್ಲ. "ಹತ್ತು ಸಾವಿರ ಹಾಕಿದರೆ ಸಾರ್ಥಕವಾಗುತ್ತದೆಯಂತೆ" ಎಂಬ ಮಾತನ್ನು ಸಂಶೋಧನಾ ಕೊಠಡಿಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅದು ತಪ್ಪು. ಹತ್ತು ಸಾವಿರ ಹಾಕಿದರೆ ಉತ್ತರ ನಿಲ್ಲುತ್ತದೆ. ನಿಲ್ಲುವ ಉತ್ತರ ನಿಮಗೆ ಬೇಕಾದದ್ದೇ ಆಗಿರಬೇಕೆಂದಿಲ್ಲ.

ಆಯ್ಕೆಗಳನ್ನು ಮುಟ್ಟುವ ಮುನ್ನ

ಫಲಿತಾಂಶದ ಕೋಷ್ಟಕದಲ್ಲಿ ಎಲ್ಲರ ಕಣ್ಣೂ ಕೊನೆಯ ಕಾಲಂಗೆ, ಅಂದರೆ ಪಿ ಮೌಲ್ಯಕ್ಕೆ ಓಡುತ್ತದೆ. ದೋಷ ಹುಡುಕುವವರು ಎಡದಿಂದ ಓದಬೇಕು.

ಮೊದಲ ಕಾಲಂ ಮೂಲ ಮಾದರಿಯ ಗುಣಾಂಕ. ಅದು ನೀವು ಮೊದಲು ಓಡಿಸಿದ ಪಿಎಲ್ಎಸ್ ಲೆಕ್ಕದ ಗುಣಾಂಕಕ್ಕೆ ಮೂರು ದಶಮಾಂಶದವರೆಗೂ ಹೊಂದಬೇಕು. ಹೊಂದದಿದ್ದರೆ ಎರಡು ಕಡೆ ಎರಡು ಬೇರೆ ಲೆಕ್ಕ ನಡೆದಿದೆ. ಸಾಮಾನ್ಯವಾಗಿ ಕಾಣುವ ಕಾರಣ: ಗುಣಾಂಕ ತೆಗೆದದ್ದು ಸುಸಂಗತ ಪಿಎಲ್ಎಸ್‌ನಲ್ಲಿ (ಅಳತೆಯ ದೋಷಕ್ಕೆ ತಿದ್ದುಪಡಿ ಮಾಡುವ ರೂಪದಲ್ಲಿ), ಬೂಟ್‌ಸ್ಟ್ರ್ಯಾಪ್ ಮಾಡಿದ್ದು ಸಾದಾ ಪಿಎಲ್ಎಸ್‌ನಲ್ಲಿ. ಸುಸಂಗತ ಪಿಎಲ್ಎಸ್‌ಗೆ ಅದರದೇ ಬೂಟ್‌ಸ್ಟ್ರ್ಯಾಪ್ ಇದೆ, ಅದನ್ನೇ ಓಡಿಸಬೇಕು. ಖಾಲಿ ಉತ್ತರಗಳನ್ನು ನಿಭಾಯಿಸುವ ಆಯ್ಕೆ ಎರಡು ಕಡೆ ಬೇರೆಯಾಗಿದ್ದರೂ ಹೀಗೇ ಆಗುತ್ತದೆ.

ಎರಡನೆಯ ಕಾಲಂ ಎಲ್ಲ ಉಪಮಾದರಿಗಳ ಸರಾಸರಿ. ಅದು ಮೊದಲ ಕಾಲಂಗೆ ಹತ್ತಿರವಿರಬೇಕು. 0.137ಕ್ಕೆ 0.141 ಬಂದರೆ ಚಿಂತೆಯಿಲ್ಲ. 0.31ಕ್ಕೆ 0.12 ಬಂದರೆ ಅಲ್ಲಿಯೇ ನಿಲ್ಲಿ; ಪಿ ಮೌಲ್ಯ ನೋಡುವ ಅಗತ್ಯವೇ ಇಲ್ಲ, ಮಾಡೆಲ್‌ನಲ್ಲಿಯೋ ದತ್ತಾಂಶದಲ್ಲಿಯೋ ಏನೋ ಕೆಟ್ಟಿದೆ.

ಮೂರನೆಯದು ಮಾನಕ ವಿಚಲನೆ, ಅಂದರೆ ಉಪಮಾದರಿಗಳ ಗುಣಾಂಕಗಳು ಎಷ್ಟು ಚದುರಿವೆ ಎಂಬುದು; ಮೇಲೆ ಹೇಳಿದ ಮಾನಕ ದೋಷ ಇದೇ. ಮೊದಲ ಕಾಲಮನ್ನು ಇದರಿಂದ ಭಾಗಿಸಿದರೆ ಟಿ ಸಿಗುತ್ತದೆ. ಗುಣಾಂಕ ಓಟದಿಂದ ಓಟಕ್ಕೆ ಬದಲಾಗುವುದಿಲ್ಲ, ಆದ್ದರಿಂದ ಟಿ ಅಲುಗಾಡಿದರೆ ಅಲುಗಾಡಿದ್ದು ಈ ಕಾಲಂ ಒಂದೇ.

ಟಿ ಮೌಲ್ಯ ಓಟದಿಂದ ಓಟಕ್ಕೆ ಬದಲಾದರೆ

ವಿದ್ಯಾರ್ಥಿನಿಯ ತೊಂದರೆ ಇದು. ಉಪಮಾದರಿಗಳ ಸಂಖ್ಯೆ ನೋಡಿದೆ: 500. ಪಿಎಲ್ಎಸ್ ಲೆಕ್ಕ ಮಾಡುವ ತಂತ್ರಾಂಶವಾದ ಸ್ಮಾರ್ಟ್‌ಪಿಎಲ್ಎಸ್ 3ರಲ್ಲಿ ಪೆಟ್ಟಿಗೆ ತೆರೆದಾಗಲೇ ಈ ಸಂಖ್ಯೆ ತುಂಬಿರುತ್ತದೆ. ಮಾಡೆಲ್ ಸರಿಯಾಗಿ ಓಡುತ್ತದೆಯೇ ಎಂದು ಮೊದಲ ಸುತ್ತಿನಲ್ಲಿ ನೋಡಲು ಅದು ಸಾಕು, ಅಂತಿಮ ಕೋಷ್ಟಕಕ್ಕೆ ಸಾಲದು.

ಏಕೆ ಸಾಲದು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಉಪಮಾದರಿಗಳ ಸಂಖ್ಯೆಯನ್ನು ಎರಡರಿಂದ ಗುಣಿಸಿ, ವರ್ಗಮೂಲ ತೆಗೆದು, ಅದರಿಂದ ಒಂದನ್ನು ಭಾಗಿಸಿದರೆ ಮಾನಕ ವಿಚಲನೆ ಸುಮಾರು ಎಷ್ಟು ಪಾಲು ಅಲುಗಾಡುತ್ತದೆ ಎಂದು ತಿಳಿಯುತ್ತದೆ. 500ಕ್ಕೆ ಅದು ಶೇ. 3.2. 5,000ಕ್ಕೆ ಶೇ. 1. 10,000ಕ್ಕೆ ಶೇ. 0.7. ಟಿ 2ರ ಸಮೀಪವಿದ್ದರೆ 500 ಉಪಮಾದರಿಗಳಲ್ಲಿ ಅದು 0.06ರಷ್ಟು ಆಚೀಚೆ ಹೋಗುವುದು ತೀರಾ ಸಹಜ. 2.04, 1.93, 1.98: ಇವರಿಗೆ ಬಂದದ್ದು ಅದೇ. ತಂತ್ರಾಂಶ ಕೆಟ್ಟಿರಲಿಲ್ಲ.

ವಿಶ್ವಾಸ ವ್ಯಾಪ್ತಿ ಎಂದರೆ ನಿಜವಾದ ಗುಣಾಂಕ ಇರಬಹುದಾದ ಅಂಕಿಗಳ ಹರವು; ಅದರೊಳಗೆ ಸೊನ್ನೆ ಬಾರದಿದ್ದರೆ ಪಥ ಸಾರ್ಥಕ. ಅದರ ತುದಿಗಳು ಇನ್ನೂ ಚಂಚಲ. ಮಾನಕ ವಿಚಲನೆಯನ್ನು ಲೆಕ್ಕಹಾಕಲು ಎಲ್ಲ ಉಪಮಾದರಿಗಳೂ ನೆರವಾಗುತ್ತವೆ, ಶೇ. 2.5ರ ತುದಿಯನ್ನು ಗುರುತಿಸುವಾಗ ಆ ಕೊನೆಯಲ್ಲಿರುವ ಕೆಲವೇ ಮೌಲ್ಯಗಳು ನಿರ್ಧಾರ ಮಾಡುತ್ತವೆ. 500ರಲ್ಲಿ ಶೇ. 2.5 ಎಂದರೆ ಹನ್ನೆರಡು ಹದಿಮೂರು ಮೌಲ್ಯ ಮಾತ್ರ. ಮಾನಕ ದೋಷ 0.069 ಇರುವ ಈ ಪಥದಲ್ಲಿ, ಹಂಚಿಕೆ ಗಂಟೆಯಾಕಾರದ್ದೆಂದು ಇಟ್ಟುಕೊಂಡರೆ, ಕೆಳತುದಿ 500 ಉಪಮಾದರಿಗಳಲ್ಲಿ 0.008ರಷ್ಟು, 10,000ದಲ್ಲಿ 0.002ರಷ್ಟು ಅಲುಗಾಡುತ್ತದೆ. ಕೆಳತುದಿ ಸೊನ್ನೆಯ ಬಳಿಯೇ ಇದ್ದಾಗ ಆ 0.008 ಫಲಿತಾಂಶವನ್ನೇ ತಿರುಗಿಸಿಬಿಡುತ್ತದೆ.

ಆದ್ದರಿಂದ ಅಂತಿಮ ಓಟಕ್ಕೆ 10,000 ಹಾಕಿ. ಇಂದಿನ ಸಾಮಾನ್ಯ ಲ್ಯಾಪ್‌ಟಾಪ್‌ಗೆ ಅದು ಹೊರೆಯಲ್ಲ. ಸಮಾನಾಂತರ ಸಂಸ್ಕರಣೆಯ ಆಯ್ಕೆ ವೇಗವನ್ನು ಮಾತ್ರ ಹೆಚ್ಚಿಸುತ್ತದೆ, ಅದನ್ನು ಹಾಕಿಕೊಳ್ಳಿ.

ಬೀಜಸಂಖ್ಯೆಯ, ಅಂದರೆ ಯಾದೃಚ್ಛಿಕ ಚೀಟಿ ಎತ್ತುವಿಕೆ ಎಲ್ಲಿಂದ ಶುರುವಾಗಬೇಕೆಂದು ತಂತ್ರಾಂಶಕ್ಕೆ ಹೇಳುವ ಸಂಖ್ಯೆಯ, ವಿಚಾರದಲ್ಲಿ ಎಚ್ಚರ ಬೇಕು. ಸ್ಮಾರ್ಟ್‌ಪಿಎಲ್ಎಸ್ 4ರಲ್ಲಿ ಸ್ಥಿರ ಬೀಜದ ಆಯ್ಕೆ ಇದೆ. ಆರ್ ಭಾಷೆಯ ಸೆಮ್‌ಇನ್‌ಆರ್ ಪ್ಯಾಕೇಜಿನಲ್ಲಿಯೂ ಬೀಜವನ್ನು ನಮೂದಿಸಬಹುದು. ಸ್ಥಿರ ಬೀಜ ಹಾಕಿದರೆ ಪ್ರತಿ ಸಲವೂ ಅದೇ ಉತ್ತರ ಬರುತ್ತದೆ, ಪರೀಕ್ಷಕರು ಓಡಿಸಿದರೂ ಅದೇ ಬರುತ್ತದೆ. ಇದು ಬೇಕಾದ ಗುಣ. ಆದರೆ 500 ಉಪಮಾದರಿಗಳಿಗೆ ಸ್ಥಿರ ಬೀಜ ಹಾಕಿದರೆ ಅಲುಗಾಟ ಮುಚ್ಚಿಹೋಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ. ಮೊದಲು ಬೇರೆ ಬೇರೆ ಬೀಜಗಳಲ್ಲಿ ಎರಡು ಮೂರು ಸಲ ಓಡಿಸಿ ಎರಡನೆಯ ದಶಮಾಂಶದವರೆಗೆ ಉತ್ತರ ನಿಲ್ಲುತ್ತದೆ ಎಂದು ಖಚಿತಪಡಿಸಿಕೊಳ್ಳಿ, ಆಮೇಲೆ ಒಂದನ್ನು ಸ್ಥಿರ ಮಾಡಿ. ಪಿ ಮೌಲ್ಯ 0.05ಕ್ಕಿಂತ ಕೆಳಗೆ ಬರುವ ತನಕ ಬೀಜ ಬದಲಿಸುತ್ತಾ ಹೋಗುವುದು ಮೋಸ. ಅದಕ್ಕೆ ಬೇರೆ ಹೆಸರಿಲ್ಲ.

ಗುಣಾಂಕಕ್ಕೂ ಸರಾಸರಿಗೂ ತಾಳೆಯಾಗದಿದ್ದರೆ

ಈ ಲಕ್ಷಣವನ್ನು ನಾನು ಎಲ್ಲಕ್ಕಿಂತ ಗಂಭೀರವೆಂದು ಎಣಿಸುತ್ತೇನೆ. ಏಕೆಂದರೆ ಇಲ್ಲಿ ತಪ್ಪು ಆಯ್ಕೆ ಮಾಡಿದರೆ ಇಲ್ಲದ ಸಂಬಂಧ ಇದೆಯೆಂದು ಅಚ್ಚಾಗಿಬಿಡುತ್ತದೆ.

ಮೇಲೆ ಹೇಳಿದ ಉದಾಹರಣೆಯನ್ನೇ ತೆಗೆದುಕೊಳ್ಳಿ: ಗುಣಾಂಕ 0.31, ಸರಾಸರಿ 0.12, ಮಾನಕ ವಿಚಲನೆ 0.29, ಟಿ 1.07. ಪಥಗುಣಾಂಕದ ಹಿಸ್ಟೋಗ್ರಾಂ (ಉಪಮಾದರಿಗಳ ಮೌಲ್ಯಗಳು ಎಲ್ಲೆಲ್ಲಿ ಗುಂಪಾಗಿವೆ ಎಂದು ತೋರಿಸುವ ಕಂಬಚಿತ್ರ) ತೆರೆದರೆ ಒಂದು ಗುಡ್ಡದ ಬದಲು ಎರಡು ಕಾಣುತ್ತವೆ: ದೊಡ್ಡದು +0.31ರ ಬಳಿ, ಚಿಕ್ಕದು -0.31ರ ಬಳಿ. ಸುಮಾರು ಶೇ. 30ರಷ್ಟು ಉಪಮಾದರಿಗಳಲ್ಲಿ ಚಿಹ್ನೆ ತಿರುಗಿಬಿದ್ದರೆ ಅಂಕಿಗಳು ಹೀಗೇ ಬರುತ್ತವೆ.

ಕಾರಣ ಇದು. ಸುಪ್ತ ಚರದ (ನೇರವಾಗಿ ಅಳೆಯಲಾಗದೆ, ಹಲವು ಪ್ರಶ್ನೆಗಳ ಮೂಲಕ ಅಳೆಯುವ ಚರದ) ದಿಕ್ಕು ಗಣಿತದಲ್ಲಿ ನಿಗದಿಯಾಗಿಲ್ಲ. 'ನಂಬಿಕೆ' ಎಂಬ ಚರವನ್ನು -1ರಿಂದ ಗುಣಿಸಿ 'ಅಪನಂಬಿಕೆ' ಮಾಡಿದರೂ ಮಾಡೆಲ್ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಸೂಚಕಗಳು, ಅಂದರೆ ಆ ಚರವನ್ನು ಅಳೆಯುವ ಪ್ರಶ್ನೆಗಳು, ಒಂದಕ್ಕೊಂದು ಗಟ್ಟಿಯಾಗಿ ಬೆಸೆದಿದ್ದರೆ ದಿಕ್ಕು ಅಲುಗುವುದಿಲ್ಲ. ದುರ್ಬಲವಾಗಿದ್ದರೆ ಕೆಲವು ಉಪಮಾದರಿಗಳಲ್ಲಿ ಮಗುಚುತ್ತದೆ.

ಹಳೆಯ ಆವೃತ್ತಿಗಳಲ್ಲಿ ಇದಕ್ಕೆಂದು ಚಿಹ್ನೆ ಬದಲಾವಣೆಯ ಮೂರು ಆಯ್ಕೆಗಳಿವೆ: ಬದಲಾವಣೆ ಬೇಡ, ಚರದ ಮಟ್ಟದಲ್ಲಿ ಬದಲಿಸು, ಬಿಡಿಬಿಡಿಯಾಗಿ ಬದಲಿಸು. ಮೂರನೆಯದು ಪ್ರತಿ ಉಪಮಾದರಿಯ ಗುಣಾಂಕವನ್ನೂ ಮೂಲದ ಚಿಹ್ನೆಗೆ ಬಲವಂತವಾಗಿ ಹೊಂದಿಸುತ್ತದೆ. ಹಾಗೆ ಮಾಡಿದರೆ ಋಣಾತ್ಮಕ ಮೌಲ್ಯಗಳೆಲ್ಲ ಮಾಯವಾಗಿ, ಮಾನಕ ವಿಚಲನೆ ಕುಸಿದು, ಟಿ ನೆಗೆಯುತ್ತದೆ. ನಿಜವಾದ ಸಂಬಂಧ ಸೊನ್ನೆಯಾಗಿದ್ದರೂ ಟಿ ನೆಗೆಯುತ್ತದೆ, ಅಪಾಯ ಇರುವುದು ಅಲ್ಲಿ. ನೀವು ಯಾವ ಆವೃತ್ತಿಯಲ್ಲಿದ್ದರೂ 'ಬದಲಾವಣೆ ಬೇಡ' ಎಂಬುದನ್ನೇ ಇಟ್ಟುಕೊಳ್ಳಿ. ಚಿಹ್ನೆ ತಿರುಗುತ್ತಿದ್ದರೆ ಅದರ ಮೂಲವನ್ನು ಹುಡುಕಿ.

ಹುಡುಕುವುದಕ್ಕೆ ಪಥದ ಹಿಸ್ಟೋಗ್ರಾಂ ಒಂದೇ ಸಾಲದು, ಸೂಚಕಗಳ ಲೋಡಿಂಗ್‌ಗಳ (ಪ್ರತಿ ಸೂಚಕ ತನ್ನ ಚರದೊಂದಿಗೆ ಎಷ್ಟು ಬೆಸೆದಿದೆ ಎಂಬ ಅಂಕಿಗಳ) ಹಿಸ್ಟೋಗ್ರಾಂ ಕೂಡ ನೋಡಿ. ಲೋಡಿಂಗ್‌ಗಳೂ ಎರಡು ಗುಡ್ಡವಾಗಿದ್ದರೆ ತೊಂದರೆ ಆ ಚರದ ಒಳಗೇ ಇದೆ. ಲೋಡಿಂಗ್‌ಗಳೆಲ್ಲ ಧನಾತ್ಮಕವಾಗಿ ಒಂದೆಡೆ ನಿಂತಿದ್ದು ಪಥ ಮಾತ್ರ ಸೊನ್ನೆಯ ಎರಡೂ ಬದಿಗೆ ಹರಡಿದ್ದರೆ, ಆ ಸಂಬಂಧವೇ ಕ್ಷೀಣವಾಗಿದೆ; ಅದನ್ನು ಒಪ್ಪಿಕೊಳ್ಳಬೇಕು.

ಚರದ ಒಳಗಿನ ತೊಂದರೆ ಎಂದರೆ ಕನ್ನಡ ಪ್ರಶ್ನಾವಳಿಗಳಲ್ಲಿ ನಾನು ಮೊದಲು ನೋಡುವುದು ನಕಾರಾತ್ಮಕ ವಾಕ್ಯಗಳನ್ನು. "ಈ ಸೇವೆಯ ಮೇಲೆ ನನಗೆ ನಂಬಿಕೆಯಿಲ್ಲ" ಎಂಬ ವಾಕ್ಯಕ್ಕೆ 5 ಎಂದು ಗುರುತು ಹಾಕಿದವರನ್ನು ತಿರುಗಿಸಿ 1 ಎಂದು ಬರೆದುಕೊಳ್ಳಬೇಕು. ಅದನ್ನು ಮರೆತಿರುತ್ತಾರೆ. ಇನ್ನೂ ಕಷ್ಟದ ಪ್ರಸಂಗ ಇಂಗ್ಲಿಷ್ ಪ್ರಶ್ನೆಯನ್ನು ಅನುವಾದ ಮಾಡಿದಾಗ ಬರುತ್ತದೆ: "ಈ ಸೇವೆ ಸುರಕ್ಷಿತವಲ್ಲ ಎಂದು ನನಗೆ ಅನಿಸುವುದಿಲ್ಲ." ಇದಕ್ಕೆ ಒಪ್ಪುತ್ತೇನೆ ಎಂದರೆ ಯಾವ ಕಡೆಗೆ? ಉತ್ತರಿಸಿದವರಲ್ಲಿ ಕೆಲವರು ಒಂದು ರೀತಿ, ಕೆಲವರು ಇನ್ನೊಂದು ರೀತಿ ಓದಿಕೊಂಡಿರುತ್ತಾರೆ. ಆ ಸೂಚಕ ಉಳಿದವುಗಳೊಂದಿಗೆ ಬೆಸೆಯುವುದೇ ಇಲ್ಲ. ಅದನ್ನು ತೆಗೆಯುವುದೊಂದೇ ದಾರಿ, ಮತ್ತು ತೆಗೆದದ್ದೇಕೆ ಎಂದು ಪ್ರಬಂಧದಲ್ಲಿ ಬರೆಯಬೇಕು.

ಇನ್ನೊಂದು ಕಾರಣ ಬಹಳ ಸರಳ: ಖಾಲಿ ಉತ್ತರಕ್ಕೆ -99 ಎಂದು ಹಾಕಿ, ಅದು ಖಾಲಿಯ ಗುರುತು ಎಂದು ತಂತ್ರಾಂಶಕ್ಕೆ ಹೇಳದೆ ಬಿಡುವುದು. ದತ್ತಾಂಶದ ಪಟ್ಟಿಯಲ್ಲಿ ಪ್ರತಿ ಸೂಚಕದ ಕನಿಷ್ಠ ಮೌಲ್ಯ ನೋಡಿ. 1ರಿಂದ 5ರ ಮಾಪಕದಲ್ಲಿ -99 ಕಂಡರೆ ಅಲ್ಲಿಯೇ ಸಿಕ್ಕಿತು.

ಟಿ ಒಂದು ಹೇಳಿ ವಿಶ್ವಾಸ ವ್ಯಾಪ್ತಿ ಇನ್ನೊಂದು ಹೇಳಿದರೆ

ಇದು ಒಂದು ಚರದ ಪರಿಣಾಮವನ್ನು ಇನ್ನೊಂದಕ್ಕೆ ದಾಟಿಸುವ ಮಧ್ಯವರ್ತಿ ಚರಗಳಿರುವ ಮಾಡೆಲ್‌ಗಳಲ್ಲಿ ಪದೇ ಪದೇ ಬರುವ ಪ್ರಶ್ನೆ. ಮೊದಲ ಪಥ 0.30, ಅದರ ಮಾನಕ ದೋಷ 0.07, ಎರಡನೆಯದು 0.25, ಮಾನಕ ದೋಷ 0.12 ಎಂದಿರಲಿ. ಪರೋಕ್ಷ ಪರಿಣಾಮ ಎರಡರ ಗುಣಲಬ್ಧ, 0.075. ಅದರ ಟಿ ಸುಮಾರು 1.83, ಅಂದರೆ ಸಾರ್ಥಕವಲ್ಲ. ಆದರೆ ಪರ್ಸೆಂಟೈಲ್ ವ್ಯಾಪ್ತಿಯ ಕೆಳತುದಿ ಸೊನ್ನೆಗಿಂತ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ, ಅಂದರೆ ಸಾರ್ಥಕ. ಎರಡೂ ಲೆಕ್ಕ ಸರಿಯಾಗಿಯೇ ನಡೆದಿವೆ. ಟಿ ಪರೀಕ್ಷೆ ಹಂಚಿಕೆ ಎರಡೂ ಬದಿಗೆ ಸಮವಾಗಿದೆ ಎಂದು ನಂಬಿಕೊಳ್ಳುತ್ತದೆ. ಎರಡು ಗುಣಾಂಕಗಳ ಗುಣಲಬ್ಧದ ಹಂಚಿಕೆ ಒಂದು ಬದಿಗೆ ವಾಲಿರುತ್ತದೆ. ವಾಲಿರುವ ಹಂಚಿಕೆಯಲ್ಲಿ ವ್ಯಾಪ್ತಿಯ ಮಾತನ್ನೇ ಕೇಳಬೇಕು.

ಯಾವ ವ್ಯಾಪ್ತಿ? ಪರ್ಸೆಂಟೈಲ್ ವಿಧಾನ ಉಪಮಾದರಿಗಳ ಮೌಲ್ಯಗಳನ್ನು ಸಾಲಾಗಿ ಜೋಡಿಸಿ ಎರಡು ತುದಿಯಿಂದ ಶೇ. 2.5 ಕತ್ತರಿಸುತ್ತದೆ. ಬಿಸಿಎ ವಿಧಾನ ಅದರ ಮೇಲೆ ಪಕ್ಷಪಾತಕ್ಕೂ ವಾಲಿಕೆಗೂ ತಿದ್ದುಪಡಿ ಮಾಡುತ್ತದೆ. ಹಿಂದೆ ಬಿಸಿಎ ಉತ್ತಮವೆಂಬ ಸಲಹೆ ವ್ಯಾಪಕವಾಗಿತ್ತು. ಆದರೆ ಚಿಕ್ಕ ಮಾದರಿಗಳಲ್ಲಿ ಪರೋಕ್ಷ ಪರಿಣಾಮಗಳಿಗೆ ಪಕ್ಷಪಾತದ ತಿದ್ದುಪಡಿ ಮಾಡುವ ವಿಧಾನಗಳು ಇಲ್ಲದ್ದನ್ನು ಇದೆ ಎನ್ನುವ ಪ್ರಮಾಣ ಸ್ವಲ್ಪ ಹೆಚ್ಚು. ಅಗಿರ್ರೆ-ಉರ್ರೆಟಾ ಮತ್ತು ರೋಂಕೊ 2018ರಲ್ಲಿ ಸುಸಂಗತ ಪಿಎಲ್ಎಸ್‌ಗೆಂದೇ ನಡೆಸಿದ ಅಧ್ಯಯನದ ನಂತರ ಪರ್ಸೆಂಟೈಲ್ ಕಡೆಗೆ ಒಲವು ಬಂದಿದೆ. ನಾನೂ ಅದನ್ನೇ ಹೇಳುತ್ತೇನೆ: ಪರ್ಸೆಂಟೈಲ್ ಇಟ್ಟುಕೊಳ್ಳಿ. ಹಿಸ್ಟೋಗ್ರಾಂ ತೀರಾ ವಾಲಿದ್ದರೆ ಬಿಸಿಎಯನ್ನೂ ಓಡಿಸಿ ಎರಡನ್ನೂ ತೋರಿಸಿ. ಎರಡರಲ್ಲಿ ಅನುಕೂಲವಾದದ್ದನ್ನು ಮಾತ್ರ ತೋರಿಸಬೇಡಿ.

ಟಿ ಮತ್ತು ವ್ಯಾಪ್ತಿ ತಾಳೆಯಾಗದಿರಲು ಮತ್ತೊಂದು ಕಾರಣ ಏಕಪಾರ್ಶ್ವ ಪರೀಕ್ಷೆ, ಅಂದರೆ ಪರಿಣಾಮವನ್ನು ಒಂದೇ ದಿಕ್ಕಿನಲ್ಲಿ ಮಾತ್ರ ಹುಡುಕುವುದು. ಏಕಪಾರ್ಶ್ವ ಆರಿಸಿ ಮಟ್ಟ 0.05 ಇಟ್ಟರೆ ಟಿ ಗಡಿ 1.96ರಿಂದ 1.645ಕ್ಕೆ ಇಳಿಯುತ್ತದೆ, ತಂತ್ರಾಂಶ ತೋರಿಸುವ ತುದಿಗಳು ಶೇ. 5 ಮತ್ತು ಶೇ. 95 ಆಗುತ್ತವೆ. ಅದನ್ನು '95% ವ್ಯಾಪ್ತಿ' ಎಂದು ಬರೆದವರನ್ನು ಕಂಡಿದ್ದೇನೆ; ಅದು 90% ವ್ಯಾಪ್ತಿ. ನಮ್ಮ ವಿದ್ಯಾರ್ಥಿನಿಗೂ ಯಾರೋ "ಏಕಪಾರ್ಶ್ವ ಮಾಡಿಬಿಡಿ, ಮುಗಿಯಿತು" ಎಂದಿದ್ದರಂತೆ. ಅವರ ಪ್ರಾಕ್ಕಲ್ಪನೆಯನ್ನು ಓದಿಸಿದೆ: "ನಂಬಿಕೆಯು ಇರಾದೆಯ ಮೇಲೆ ಸಾರ್ಥಕ ಪರಿಣಾಮ ಬೀರುತ್ತದೆ." ಧನಾತ್ಮಕ ಎಂಬ ಮಾತೇ ಅದರಲ್ಲಿಲ್ಲ. ದಿಕ್ಕನ್ನು ಮೊದಲೇ ಬರೆದಿರದಿದ್ದರೆ ಫಲಿತಾಂಶ ನೋಡಿದ ಮೇಲೆ ಏಕಪಾರ್ಶ್ವಕ್ಕೆ ಹೋಗುವ ಹಕ್ಕು ನಮಗಿಲ್ಲ.

ಎಲ್ಲವೂ ವಿಪರೀತ ಸಾರ್ಥಕವಾಗಿದ್ದರೆ

ಸಣ್ಣ ಗುಣಾಂಕಗಳಿಗೂ ದೊಡ್ಡ ಟಿ ಬಂದರೆ ಸಂತೋಷಪಡುವ ಮುನ್ನ ಸಾಲುಗಳನ್ನು ಎಣಿಸಿ. ಗೂಗಲ್ ಫಾರ್ಮ್‌ನಲ್ಲಿ ಬಂದದ್ದನ್ನೂ ಕಾಗದದಲ್ಲಿ ಬಂದದ್ದನ್ನೂ ಒಂದೇ ಎಕ್ಸೆಲ್ ಹಾಳೆಗೆ ಸೇರಿಸುವಾಗ ಸಾಲುಗಳು ಎರಡೆರಡು ಸಲ ಅಂಟಿಕೊಂಡಿರಬಹುದು. ಇಡೀ ದತ್ತಾಂಶ ಇಮ್ಮಡಿಯಾದರೆ ಮಾನಕ ದೋಷ ಎರಡರ ವರ್ಗಮೂಲದಷ್ಟು ಕುಗ್ಗುತ್ತದೆ, 1.40 ಇರಬೇಕಾದ ಟಿ 1.98 ಆಗುತ್ತದೆ. ಸ್ಮಾರ್ಟ್‌ಪಿಎಲ್ಎಸ್ 2 ಬಳಸುವವರು ಇನ್ನೂ ಇದ್ದಾರೆ: ಅದರಲ್ಲಿ ಪ್ರತಿ ಉಪಮಾದರಿಯ ಗಾತ್ರವನ್ನು ನಾವೇ ತುಂಬಬೇಕು, ಅದು ನಿಮ್ಮ ಮಾದರಿಯ ಗಾತ್ರಕ್ಕೆ ಸಮನಾಗಿರಲೇಬೇಕು. ಹೆಚ್ಚು ಹಾಕಿದರೆ ಟಿ ಸುಳ್ಳಾಗಿ ಹಿಗ್ಗುತ್ತದೆ, ಕಡಿಮೆ ಹಾಕಿದರೆ ಸುಳ್ಳಾಗಿ ಕುಗ್ಗುತ್ತದೆ.

ಹತ್ತು ಶಾಖೆಗಳಿಂದ ಇಪ್ಪತ್ತಿಪ್ಪತ್ತು ಗ್ರಾಹಕರನ್ನು ಆರಿಸಿದ್ದರೆ ಒಂದೇ ಶಾಖೆಯವರ ಉತ್ತರಗಳು ಒಂದನ್ನೊಂದು ಹೋಲುತ್ತವೆ. ಸಾದಾ ಬೂಟ್‌ಸ್ಟ್ರ್ಯಾಪ್ ಪ್ರತಿ ಸಾಲನ್ನೂ ಸ್ವತಂತ್ರವೆಂದು ಭಾವಿಸುತ್ತದೆ, ಹಾಗಾಗಿ ಮಾನಕ ದೋಷವನ್ನು ಕಡಿಮೆ ತೋರಿಸುತ್ತದೆ. ಪೆಟ್ಟಿಗೆಯ ಯಾವ ಗುಂಡಿಯೂ ಇದನ್ನು ಸರಿಪಡಿಸುವುದಿಲ್ಲ.

ಓಟ ನಡುವೆಯೇ ನಿಂತು 'ಸಿಂಗ್ಯುಲರ್ ಮ್ಯಾಟ್ರಿಕ್ಸ್' ಎಂದರೆ

ಮೂಲ ಲೆಕ್ಕ ಸರಿಯಾಗಿ ಬಂದು ಬೂಟ್‌ಸ್ಟ್ರ್ಯಾಪ್ ಮಾತ್ರ ನಿಲ್ಲುವುದು ಏಕೆಂದು ಜನ ಕಂಗಾಲಾಗುತ್ತಾರೆ. 200 ಜನರಲ್ಲಿ 197 ಜನ ಒಂದು ಪ್ರಶ್ನೆಗೆ 5 ಎಂದೇ ಹೇಳಿದ್ದಾರೆ ಎಂದುಕೊಳ್ಳಿ. ಬೇರೆ ಉತ್ತರ ಕೊಟ್ಟ ಆ ಮೂವರೂ ಒಂದು ಉಪಮಾದರಿಯಲ್ಲಿ ಬಾರದೆ ಹೋಗುವ ಸಂಭವ ಶೇ. 5ರ ಹತ್ತಿರವಿದೆ. ಅಂದರೆ 5,000 ಉಪಮಾದರಿಗಳಲ್ಲಿ ಸುಮಾರು 240ರಲ್ಲಿ ಆ ಕಾಲಂ ತುಂಬಾ ಬರೀ 5. ಎಲ್ಲ ಒಂದೇ ಆದ ಕಾಲಮಿನಿಂದ ಲೆಕ್ಕ ಮುಂದೆ ಹೋಗದು. ಆ ಸೂಚಕವನ್ನು ಬಿಡುವುದೇ ಪರಿಹಾರ. ಹಾಗೆಯೇ 'ಗಂಡು' ಎಂಬುದಕ್ಕೆ ಒಂದು ಕಾಲಂ, 'ಹೆಣ್ಣು' ಎಂಬುದಕ್ಕೆ ಇನ್ನೊಂದು ಕಾಲಂ ಮಾಡಿ ಎರಡನ್ನೂ ಮಾಡೆಲ್‌ಗೆ ಸೇರಿಸಿದ್ದರೆ ಒಂದನ್ನು ತೆಗೆಯಿರಿ.

ದೋಷವೆಂದು ತೋರಿದರೂ ದೋಷವಲ್ಲದವು ಕೆಲವಿವೆ. ಒಂದೇ ಸೂಚಕವಿರುವ ಚರದ ಲೋಡಿಂಗ್ ಯಾವಾಗಲೂ 1, ಅಲುಗಾಟವಿಲ್ಲ, ಆದ್ದರಿಂದ ಟಿ ಖಾಲಿ. ಪಿ ಮೌಲ್ಯ 0.000 ಎಂದು ಕಂಡರೆ '0.001ಕ್ಕಿಂತ ಕಡಿಮೆ' ಎಂದು ಬರೆಯಿರಿ. ಆರ್ ವರ್ಗ (ಒಂದು ಚರದ ಏರಿಳಿತದಲ್ಲಿ ಮಾಡೆಲ್ ವಿವರಿಸುವ ಪಾಲು) ಸೊನ್ನೆಗಿಂತ ಕೆಳಗೆ ಹೋಗಲಾರದು, ಅದನ್ನು ಸೊನ್ನೆಯೊಂದಿಗೆ ಹೋಲಿಸುವ ಪಿ ಮೌಲ್ಯಕ್ಕೆ ಅರ್ಥವಿಲ್ಲ. ಎರಡು ಚರಗಳು ನಿಜಕ್ಕೂ ಬೇರೆ ಬೇರೆಯೇ ಎಂದು ನೋಡುವ ಎಚ್‌ಟಿಎಂಟಿ ಅಳತೆಯಲ್ಲಿಯೂ ಪಿ ಮೌಲ್ಯ ನೋಡಬೇಡಿ. ಅಲ್ಲಿ ಬೇಕಾದದ್ದು ವ್ಯಾಪ್ತಿಯ ಮೇಲ್ತುದಿ ನೀವು ಒಪ್ಪಿಕೊಂಡ ಗಡಿಗಿಂತ ಕೆಳಗಿದೆಯೇ ಎಂಬುದು. ಸ್ಮಾರ್ಟ್‌ಪಿಎಲ್ಎಸ್ 3ರಲ್ಲಿ ಆ ವ್ಯಾಪ್ತಿ ಕಾಣದಿದ್ದರೆ ಮೂಲ ಬೂಟ್‌ಸ್ಟ್ರ್ಯಾಪ್ ಬದಲು ಸಂಪೂರ್ಣ ಬೂಟ್‌ಸ್ಟ್ರ್ಯಾಪ್ ಆರಿಸಿ.

ವಿದ್ಯಾರ್ಥಿನಿಯ ಕೋಷ್ಟಕಕ್ಕೆ ಮರಳುತ್ತೇನೆ. ಸಾಲುಗಳನ್ನು ಎಣಿಸಿದೆವು, ಕನಿಷ್ಠ ಮೌಲ್ಯಗಳನ್ನು ನೋಡಿದೆವು, ಹಿಸ್ಟೋಗ್ರಾಂ ತೆರೆದೆವು. ಗುಡ್ಡ ಒಂದೇ ಇತ್ತು, ಎಲ್ಲಿಯೂ ತಪ್ಪಿರಲಿಲ್ಲ. 10,000 ಉಪಮಾದರಿ, ಪರ್ಸೆಂಟೈಲ್, ದ್ವಿಪಾರ್ಶ್ವ, ಮಟ್ಟ 0.05 ಎಂದು ಇಟ್ಟು ಮೂರು ಬೀಜಗಳಲ್ಲಿ ಓಡಿಸಿದಾಗ ಟಿ ಪ್ರತಿ ಸಲವೂ 1.99ರ ಆಸುಪಾಸಿನಲ್ಲಿಯೇ ನಿಂತಿತು. ವ್ಯಾಪ್ತಿ 0.002ರಿಂದ 0.272. ಅವರು ನಿಟ್ಟುಸಿರು ಬಿಟ್ಟು, "ಹಾಗಾದರೆ ಸಾರ್ಥಕ" ಎಂದರು. ನಕ್ಷತ್ರ ಹಾಕಬಹುದು, ಆದರೆ ವ್ಯಾಪ್ತಿಯನ್ನೂ ಅದರ ಪಕ್ಕದಲ್ಲಿಯೇ ಅಚ್ಚು ಮಾಡಬೇಕು ಎಂದೆ. ನಂಬಿಕೆಯ ಪರಿಣಾಮ ಬಹುತೇಕ ಸೊನ್ನೆಯೂ ಆಗಿರಬಹುದು, ಸಾಕಷ್ಟು ದೊಡ್ಡದೂ ಆಗಿರಬಹುದು ಎಂದು ಆ ಎರಡು ಅಂಕಿಗಳು ಹೇಳುತ್ತವೆ. ಆ ಅಗಲವನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಜನ, ಅಂದರೆ 850ಕ್ಕೂ ಹೆಚ್ಚು ಜನರ ಉತ್ತರ ಬೇಕು. ಪ್ರಬಂಧ ಸಲ್ಲಿಸುವ ದಿನ ಹತ್ತಿರವಿತ್ತು. ಅವರು ವ್ಯಾಪ್ತಿಯ ಕಾಲಮನ್ನು ಕೋಷ್ಟಕಕ್ಕೆ ಸೇರಿಸಿ, 850ರ ಲೆಕ್ಕವನ್ನು ಮಿತಿಗಳ ಅಧ್ಯಾಯದಲ್ಲಿ ಬರೆದರು.